ಕಾರಿನ ಹಿಂದೆ ಏನೋ ಬಡಿಯುತ್ತಿದೆ

ಮಳೆಗಾಲ ಮುಗಿಯುತ್ತ ಬಂದಂತೆ ಹೈದರಾಬಾದಿನ ಗ್ಯಾರೇಜುಗಳಲ್ಲಿ ಒಂದೇ ದೂರು ಮೂರು ಭಾಷೆಗಳಲ್ಲಿ ಕೇಳಿಬರುತ್ತದೆ. ‘ಪೀಛೇ ಸೆ ಆವಾಜ್ ಆರಿ’ ಎಂದು ದಖನಿಯಲ್ಲಿ, ‘ವೆನಕ ನುಂಚಿ ಸೌಂಡ್ ವಸ್ತೋಂದಿ’ ಎಂದು ತೆಲುಗಿನಲ್ಲಿ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದವರ ಬಾಯಲ್ಲಿ ‘ಹಿಂದ ಏನೋ ಬಡ್ಯಾಕತ್ತದ’ ಎಂದು ಕನ್ನಡದಲ್ಲಿ. ಆಮೇಲೆ ನಡೆಯುವುದೂ ಬಹುಮಟ್ಟಿಗೆ ಒಂದೇ. ಶಾಕ್ ಅಬ್ಸಾರ್ಬರ್ ಹೋಗಿದೆ ಎಂಬ ತೀರ್ಪು ಬರುತ್ತದೆ, ಎರಡೂ ಬದಿಗೆ ಹೊಸ ಶಾಕ್ ಬೀಳುತ್ತದೆ, ಸಾವಿರಾರು ರೂಪಾಯಿಯ ಬಿಲ್ಲಾಗುತ್ತದೆ. ಮರುದಿನ ಮನೆ ಮುಂದಿನ ಹಂಪ್ ದಾಟುವಾಗ ಅದೇ ಬಡಿತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇಲ್ಲಿ ಸರಿಯಾಗಿ ಒಪ್ಪುತ್ತದೆ.

ಕಾರಿನ ಮುಂಭಾಗದ ಸದ್ದುಗಳು ಇಷ್ಟು ಕಾಡುವುದಿಲ್ಲ. ಸ್ಟೇರಿಂಗ್ ಹಿಡಿದ ಕೈಗೆ ಅಲ್ಲಿನ ಅದುರು ನೇರವಾಗಿ ತಾಕುತ್ತದೆ, ಬಾನೆಟ್ ಎತ್ತಿದರೆ ಅರ್ಧ ಕಾಣಿಸುತ್ತದೆ. ಹಿಂಬದಿ ಹಾಗಲ್ಲ. ಅಲ್ಲಿ ಸೀಟು, ಡಿಕ್ಕಿ, ಸ್ಟೆಪ್ನಿ, ಸೈಲೆನ್ಸರ್, ಪೆಟ್ರೋಲ್ ಟ್ಯಾಂಕ್, ಬ್ರೇಕ್, ಸ್ಪ್ರಿಂಗ್ ಎಲ್ಲವೂ ಒಂದೇ ಖಾಲಿ ತಗಡಿನ ಪೆಟ್ಟಿಗೆಯ ಸುತ್ತ ಕೂಡಿಕೊಂಡಿವೆ. ಯಾವುದು ಬಡಿದರೂ ಇಡೀ ಪೆಟ್ಟಿಗೆ ಮೊಳಗುತ್ತದೆ. ಈ ಹುಡುಕಾಟದ ಬಗ್ಗೆ ಎಂಜಿನಿಯರುಗಳೂ ಮೆಕ್ಯಾನಿಕ್‌ಗಳೂ ಕಂಡುಕೊಂಡಿರುವುದನ್ನು ಒಟ್ಟಾಗಿ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಸದ್ದು ಎಲ್ಲಿಂದ ಬರುತ್ತಿದೆ ಎನ್ನುವಲ್ಲಿ ನಮ್ಮ ಕಿವಿಯನ್ನು ನಂಬುವಂತಿಲ್ಲ. ಯಾವಾಗ ಬರುತ್ತಿದೆ ಎನ್ನುವಲ್ಲಿ ಪೂರ್ತಿ ನಂಬಬಹುದು. ಆದ್ದರಿಂದ ಹುಡುಕಾಟ ‘ಯಾವಾಗ’ ಎಂಬಲ್ಲಿಂದಲೇ ಶುರುವಾಗಬೇಕು.

ಕಿವಿಗೆ ದಿಕ್ಕು ತಪ್ಪುವುದೇಕೆ

ಮನುಷ್ಯರು ಸದ್ದಿನ ದಿಕ್ಕನ್ನು ಹೇಗೆ ಗುರುತಿಸುತ್ತಾರೆ ಎಂಬುದನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ 1907ರಲ್ಲಿ ವಿವರಿಸಿದರು. ಕೀಚಲು ಸದ್ದಾದರೆ ಒಂದು ಕಿವಿಗೆ ಜೋರಾಗಿಯೂ ತಲೆಯ ಮರೆಯಲ್ಲಿರುವ ಇನ್ನೊಂದು ಕಿವಿಗೆ ಮೆಲ್ಲಗೂ ಕೇಳುತ್ತದೆ. ದಪ್ಪ ಸದ್ದಾದರೆ ಒಂದು ಕಿವಿಗೆ ತುಸು ಮೊದಲು, ಇನ್ನೊಂದಕ್ಕೆ ತುಸು ತಡವಾಗಿ ತಲುಪುತ್ತದೆ. ಬಯಲಿನಲ್ಲಿ ಈ ಎರಡು ಸುಳಿವುಗಳು ಬಹುಮಟ್ಟಿಗೆ ಸಾಕು. ಮುಚ್ಚಿದ ಕಾರಿನೊಳಗೆ ಸಾಲುವುದಿಲ್ಲ. ಸೆಕೆಂಡಿಗೆ 100 ಸಲ ಕಂಪಿಸುವ ‘ಧಬ್’ ಎಂಬ ಸದ್ದಿನ ಒಂದು ಅಲೆ ಗಾಳಿಯಲ್ಲಿ ಸುಮಾರು 3.4 ಮೀಟರ್ ಉದ್ದ, ಅಂದರೆ ಕಾರಿನ ಒಳಗಿನ ಅಗಲಕ್ಕಿಂತ ದೊಡ್ಡದು. ಅಂಥ ಅಲೆ ಒಳಗೆಲ್ಲ ತುಂಬಿಕೊಳ್ಳುವುದರಿಂದ ಅದಕ್ಕೆ ದಿಕ್ಕೆಂಬುದೇ ಉಳಿಯುವುದಿಲ್ಲ.

ಇದರ ಮೇಲೆ ಉಕ್ಕಿನ ಆಟವೂ ಇದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಉಕ್ಕಿನಲ್ಲಿ ಸುಮಾರು 5,000 ಮೀಟರ್. ಹಿಂದಿನ ಚಕ್ರದ ಬಳಿ ಆದ ಪೆಟ್ಟು ತಗಡಿನ ಮೂಲಕ ಓಡಿ, ಎಲ್ಲಿ ತಗಡು ಅಗಲವಾಗಿ ತೆಳುವಾಗಿದೆಯೋ ಅಲ್ಲಿ ಗಾಳಿಗಿಳಿಯುತ್ತದೆ. ನಮಗೆ ಕೇಳುವುದು ಅದು ಇಳಿದ ಜಾಗ, ಹುಟ್ಟಿದ ಜಾಗವಲ್ಲ. ಎಡಚಕ್ರದ ಬಡಿತ ಬಲಬದಿಯ ಸೀಟಿನ ಹಿಂದೆ ಕೇಳಿಸುವುದು, ಮುಂದಿನ ಎಂಜಿನ್ ಮೌಂಟಿಂಗ್ ಹೊಡೆದುಕೊಂಡರೆ ಹಿಂದೆಲ್ಲೋ ಬಡಿದಂತೆ ಅನಿಸುವುದು ಇದೇ ಕಾರಣಕ್ಕೆ. ಅನುಭವಿ ಮೆಕ್ಯಾನಿಕ್‌ಗಳು ಕೂಡ ಕೇಳಿದ ತಕ್ಷಣ ಹೇಳಿ ತಪ್ಪುವುದುಂಟು. ಅದು ಅವರ ಕೈಚಳಕದ ಕೊರತೆಯಲ್ಲ, ಕಿವಿಯ ಮಿತಿ.

ಮೂರು ಬಗೆಯ ಹಿಂಬದಿಗಳು

ಕಾರಿನ ಹಿಂಬದಿ ಯಾವ ಬಗೆಯದು ಎಂದು ತಿಳಿಯದೆ ಸದ್ದನ್ನು ಹುಡುಕುವುದು ವ್ಯರ್ಥ. ನಮ್ಮ ರಸ್ತೆಗಳ ಮೇಲೆ ಮುಖ್ಯವಾಗಿ ಮೂರು ಬಗೆಗಳಿವೆ.

ಮೊದಲನೆಯದು ಪಟ್ಟಾ ಸ್ಪ್ರಿಂಗಿನದು. ಉತ್ತರಪಾರಾದ ಕಾರ್ಖಾನೆಯಲ್ಲಿ 1958ರಿಂದ 2014ರವರೆಗೆ ತಯಾರಾದ ಅಂಬಾಸಡರ್‌ಗೆ ಹಿಂದೆ ಗಟ್ಟಿ ಆಕ್ಸಲ್, ಅದರ ಕೆಳಗೆ ಪಟ್ಟಾಗಳು. ಫಿಯೆಟ್ ಮೂಲದ ಪದ್ಮಿನಿಯೂ ಹಾಗೆಯೇ. ಇಂದಿನ ಬೊಲೆರೊದಲ್ಲಿ ಈ ಪರಂಪರೆ ಮುಂದುವರಿದಿದೆ. ಇಲ್ಲಿ ಬಡಿಯುವುದು ಶ್ಯಾಕಲ್ ಬುಷ್, ಸಡಿಲಗೊಂಡ ಯು-ಬೋಲ್ಟ್, ತುಂಡಾದ ಸೆಂಟರ್ ಬೋಲ್ಟ್. ಎಂಜಿನ್ ಮುಂದಿದ್ದು ಹಿಂದಿನ ಚಕ್ರಗಳನ್ನು ತಿರುಗಿಸುವ ಗಾಡಿಯಾದ್ದರಿಂದ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್, ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್ ಕೂಡ ಸೇರಿಕೊಳ್ಳುತ್ತವೆ. ಗೇರ್ ಹಾಕಿ ಕ್ಲಚ್ ಬಿಟ್ಟೊಡನೆ ಒಂದೇ ಒಂದು ‘ಟಣ್’ ಬಂದರೆ ಮೊದಲು ನೋಡಬೇಕಾದದ್ದು ಜಾಯಿಂಟ್ ಕ್ರಾಸನ್ನು.

ಎರಡನೆಯದು ಇಂದಿನ ಬಹುಪಾಲು ಸಣ್ಣ ಕಾರುಗಳದು. ಎಂಜಿನ್ನಿನ ಬಲವೆಲ್ಲ ಮುಂದಿನ ಚಕ್ರಗಳಿಗೆ ಹೋಗುತ್ತದೆ; ಹಿಂದೆ ಎರಡು ಚಕ್ರಗಳನ್ನು ಜೋಡಿಸುವ, ತುಸು ತಿರುಚಿಕೊಳ್ಳಬಲ್ಲ ಒಂದು ಉಕ್ಕಿನ ತೊಲೆ, ಅಂದರೆ ಟಾರ್ಷನ್ ಬೀಮ್, ಎರಡು ಕಾಯಿಲ್ ಸ್ಪ್ರಿಂಗ್, ಎರಡು ಶಾಕ್. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನಿಂದ ಜನಪ್ರಿಯವಾದ ಈ ಏರ್ಪಾಡು ಸ್ವಿಫ್ಟ್, ಬಲೆನೊ, ಐ20 ಮುಂತಾದವುಗಳಲ್ಲಿದೆ. ಭಾಗಗಳು ಕಡಿಮೆ, ಆದ್ದರಿಂದ ಆರೋಪಿಗಳೂ ಕಡಿಮೆ: ಶಾಕಿನ ಮೇಲ್ತುದಿಯ ಮೌಂಟಿಂಗ್, ಕೆಳಬೋಲ್ಟ್, ಬೀಮನ್ನು ಬಾಡಿಗೆ ಹಿಡಿದಿಡುವ ಎರಡು ದೊಡ್ಡ ಬುಷ್, ಕಾಯಿಲಿನ ಕೆಳಗಿನ ರಬ್ಬರ್, ತುದಿ ಮುರಿದ ಕಾಯಿಲ್.

ಮೂರನೆಯದು ದೊಡ್ಡ ಗಾಡಿಗಳದು. ಇನ್ನೋವಾ ಕ್ರಿಸ್ಟಾದಂಥವುಗಳಲ್ಲಿ ಗಟ್ಟಿ ಆಕ್ಸಲನ್ನು ನಾಲ್ಕು ಕಂಬಿಗಳು ಉದ್ದಕ್ಕೆ ಹಿಡಿದರೆ ಇನ್ನೊಂದು ಅಡ್ಡಕ್ಕೆ ಹಿಡಿಯುತ್ತದೆ. ಎಕ್ಸ್‌ಯುವಿ700ನಂಥವುಗಳಲ್ಲಿ ಪ್ರತಿ ಚಕ್ರಕ್ಕೂ ಅದರದೇ ಲಿಂಕುಗಳು. ಒಂದೊಂದು ಕಂಬಿಯ ಎರಡು ತುದಿಗೂ ಬುಷ್ ಇರುವುದರಿಂದ ಅನುಮಾನಿಸಬೇಕಾದ ಜಾಗಗಳು ಹತ್ತಕ್ಕೆ ಕಡಿಮೆಯಿಲ್ಲ. ಸುಖಕ್ಕೆಂದು ಕೊಂಡ ಗಾಡಿಯಲ್ಲೇ ಹುಡುಕಾಟ ಉದ್ದವಾಗುತ್ತದೆ.

ರಸ್ತೆಯೇ ಪರೀಕ್ಷೆಯ ಮೇಜು

ಸದ್ದನ್ನು ಹುಟ್ಟಿಸುವ ರಸ್ತೆಗಳೇ ಅದನ್ನು ಪತ್ತೆ ಮಾಡಲೂ ನೆರವಾಗುತ್ತವೆ. ಈ ದೃಷ್ಟಿಯಿಂದ ಹೈದರಾಬಾದ್ ಒಳ್ಳೆಯ ಊರು. ಇಲ್ಲಿ ಎಲ್ಲ ಬಗೆಯ ರಸ್ತೆಗಳೂ ಒಂದೇ ದಿನದಲ್ಲಿ ಸಿಗುತ್ತವೆ.

158 ಕಿಲೋಮೀಟರ್ ಉದ್ದದ ಹೊರ ವರ್ತುಲ ರಸ್ತೆ ನಯವಾದದ್ದು. ಅಲ್ಲಿಯೂ ಕೇಳುವ, ವೇಗದ ಜೊತೆ ಏರುವ ‘ಗುಂಯ್’ ಎಂಬ ಸದ್ದು ಬಡಿತವಲ್ಲ; ಅದು ಚಕ್ರದ ಬೇರಿಂಗಿನದೋ ಅಡ್ಡಾದಿಡ್ಡಿ ಸವೆದ ಟೈರಿನದೋ ಆಗಿರುತ್ತದೆ. 2009ರಲ್ಲಿ ತೆರೆದ, ಮೆಹದಿಪಟ್ಣಂನಿಂದ ಆರಾಂಘರ್‌ವರೆಗಿನ 11.6 ಕಿಲೋಮೀಟರ್ ಪಿ.ವಿ. ನರಸಿಂಹರಾವ್ ಮೇಲ್ಸೇತುವೆಯಲ್ಲಿ ಕಾಂಕ್ರೀಟಿನ ಹಾಸುಗಳು ಕೂಡುವ ಸಂದುಗಳಿವೆ. ಅವುಗಳ ಮೇಲೆ ಹೋದಾಗ ಎರಡೂ ಹಿಂದಿನ ಚಕ್ರಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಹಾಗೆ ಇಳಿದಾಗ ಎರಡೂ ಬದಿಯ ಚಕ್ರಗಳನ್ನು ಕೂಡಿಸುವ ಕಂಬಿ, ಅಂದರೆ ಆಂಟಿ ರೋಲ್ ಬಾರ್, ತಿರುಚಿಕೊಳ್ಳುವುದಿಲ್ಲ. ಹಳೆ ಬಸ್ತಿಯ ಗಲ್ಲಿಯಲ್ಲಿ, ರಸ್ತೆಯ ಮಟ್ಟಕ್ಕಿಂತ ಕೆಳಗುಳಿದ ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಒಂದೇ ಚಕ್ರ ಇಳಿದಾಗ ಅದು ತಿರುಚಿಕೊಳ್ಳುತ್ತದೆ. ಸೇತುವೆಯ ಮೇಲೆ ಸುಮ್ಮನಿದ್ದು ಗಲ್ಲಿಯಲ್ಲಿ ಮಾತ್ರ ಬಡಿಯುವ ಗಾಡಿಯಾದರೆ ಆ ಬಾರಿನ ಲಿಂಕನ್ನೋ ಅಡ್ಡಕಂಬಿಯ ಬುಷ್ಷನ್ನೋ ಮೊದಲು ಹಿಡಿದು ನೋಡಬೇಕು.

ಹಂಪುಗಳ ಮಾತೇ ಬೇರೆ. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಕೊಟ್ಟ ಮಾದರಿಯಂತೆ ಸಾಮಾನ್ಯ ರಸ್ತೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಬಾಗು ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಅದನ್ನು ಹಾಯಾಗಿ ದಾಟಬಹುದು. ಬಡಾವಣೆಯವರು ತಾವೇ ಸಿಮೆಂಟು ಸುರಿದು ಕಟ್ಟಿಕೊಂಡ ಕಿರಿದಾದ ದಿಬ್ಬಗಳಿಗೆ ಈ ಬಾಗು ಇರುವುದಿಲ್ಲ. ಚಕ್ರ ಅಲ್ಲಿ ಏರುವುದಕ್ಕಿಂತ ದಿಢೀರನೆ ಕೆಳಗೆ ಬೀಳುವುದೇ ಹೆಚ್ಚು. ಬೀಳುವಾಗ ಶಾಕ್ ಪೂರ್ತಿ ಉದ್ದಕ್ಕೆ ಎಳೆಯಲ್ಪಡುತ್ತದೆ. ಮೇಲಿನ ಮೌಂಟಿಂಗಿನ ರಬ್ಬರ್ ಸವೆದಿದ್ದರೆ, ನಟ್ ಒಂದು ಸುತ್ತು ಸಡಿಲವಿದ್ದರೆ, ‘ಟೊಕ್’ ಎನ್ನುವುದು ಆ ಕ್ಷಣದಲ್ಲಿ. ಏರುವಾಗ ಬಂದ ಬಡಿತಕ್ಕೂ ಇಳಿಯುವಾಗ ಬಂದ ಬಡಿತಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿದವರು ಅರ್ಧ ಕೆಲಸ ಮುಗಿಸಿದಂತೆ.

ಇಲ್ಲಿನ ಬಿಸಿಲನ್ನೂ ಮರೆಯಬಾರದು. 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಬಿಸಿ ಡಾಂಬರಿನ ಮೇಲೆ ವರ್ಷಗಟ್ಟಲೆ ಓಡಿದ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ಆಮೇಲೆ ಬರುವ ಮಳೆ ಗುಂಡಿಗಳನ್ನು ನೀರಿನಡಿ ಮುಚ್ಚಿಡುತ್ತದೆ. ಬೇಸಿಗೆಯಲ್ಲಿ ಬಿರಿದದ್ದು ಮಳೆಗಾಲದಲ್ಲಿ ಹರಿಯುತ್ತದೆ.

‘ಯಾವಾಗ’ ಎಂಬ ಪ್ರಶ್ನೆ

ಒಳ್ಳೆಯ ಮೆಕ್ಯಾನಿಕ್ ಗಾಡಿಯನ್ನು ಜಾಕ್ ಮೇಲೆ ಏರಿಸುವ ಮೊದಲು ಪ್ರಶ್ನೆ ಕೇಳುತ್ತಾನೆ. ಬ್ರೇಕ್ ಒತ್ತಿದಾಗಲೇ? ಹಾಗಾದರೆ ಡ್ರಮ್ಮಿನೊಳಗಿನ ಲೈನರ್, ಅದನ್ನು ಹಿಡಿದಿಡುವ ಪಿನ್ನು, ಸ್ಪ್ರಿಂಗು. ಇಲ್ಲವೇ ಬೀಮಿನ ಬುಷ್. ರಿವರ್ಸ್ ಹೋಗಿ ಮುಂದಕ್ಕೆ ಹೊರಟು ಮೊದಲ ಬ್ರೇಕ್ ಹಾಕಿದಾಗ ಒಮ್ಮೆ ಮಾತ್ರವೇ? ಲೈನರ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು ಕೂರುವ ಸದ್ದು ಅದಾಗಿರಬಹುದು. ಟ್ಯಾಂಕ್ ಅರ್ಧ ತುಂಬಿದ್ದಾಗ, ನಿಂತ ಮೇಲೆ ಒಂದು ಗಳಿಗೆ ತಡೆದು ಮೆತ್ತಗೆ ‘ದುಬುಕ್’ ಎನ್ನುತ್ತದೆಯೇ? ಅದು ಪೆಟ್ರೋಲ್ ತುಳುಕುವ ಸದ್ದು, ರೋಗವಲ್ಲ.

ಭಾರದ ಪ್ರಶ್ನೆ ಇನ್ನೂ ಹೆಚ್ಚು ಫಲ ಕೊಡುತ್ತದೆ. ಕಾಚಿಗುಡ ಸುತ್ತಮುತ್ತಲಿನ ಕನ್ನಡದ ಮನೆಗಳವರು ಹಬ್ಬಕ್ಕೆಂದು ಜಹೀರಾಬಾದ್ ದಾರಿಯಲ್ಲಿ ಬೀದರಿಗೆ ಹೊರಟಾಗ ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು. ಒಬ್ಬರೇ ಕಚೇರಿಗೆ ಹೋಗುವಾಗ ಲೊಟಲೊಟ ಎನ್ನುತ್ತಿದ್ದ ಹಿಂಬದಿ ಆ ದಿನ ಬಾಯಿ ಮುಚ್ಚಿಕೊಂಡರೆ, ಖಾಲಿಯಿದ್ದಾಗ ಕುಣಿಯುವ ಏನೋ ಒಂದು ಭಾರದಡಿ ಬಿಗಿಯಾಯಿತು ಎಂದರ್ಥ: ಸೀಟಿನ ಬೆನ್ನಿನ ಲಾಕು, ಸ್ಟೆಪ್ನಿ, ಶಾಕಿನ ಮೇಲ್ತುದಿ. ಅದೇ ಭಾರದಲ್ಲಿ ‘ಧಡ್’ ಎಂದು ಹೊಸದಾಗಿ ಹೊಡೆಯಲು ಶುರುವಾದರೆ ಸ್ಪ್ರಿಂಗ್ ಕುಸಿದು ಬಂಪ್ ಸ್ಟಾಪಿಗೆ ತಾಗುತ್ತಿರಬಹುದು, ಇಲ್ಲವೇ ಜೋತ ಸೈಲೆನ್ಸರ್ ಆಕ್ಸಲಿಗೆ ಬಡಿಯುತ್ತಿರಬಹುದು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಜನ ಕೇಳುವುದೇ ಕಡಿಮೆ: ಈ ಸದ್ದು ಶುರುವಾಗುವ ಮೊದಲು ಗಾಡಿಗೆ ಯಾವ ಕೆಲಸ ಆಗಿತ್ತು? ಪಂಕ್ಚರ್ ಹಾಕಿಸಿದ ಮೇಲೆ ಬಂದ ಸದ್ದು ಚಕ್ರದ ನಟ್ಟಿನದೋ ಸರಿಯಾಗಿ ಕೂರದ ಜಾಕಿನದೋ ಇರಬಹುದು. ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆಗೆ ಬಿಚ್ಚಬೇಕಾಗುತ್ತದೆ; ಮರಳಿ ಕೂರಿಸಿದ ಮೇಲೆ ಬಂದ ಸದ್ದಾದರೆ ಅದರ ಪಟ್ಟಿಯ ಬೋಲ್ಟನ್ನು ಆ ದಿನವೇ ನೋಡಬೇಕು. ಕೊನೆಯದಾಗಿ ಕೈ ಬಿದ್ದ ಜಾಗವೇ ಹುಡುಕಾಟದ ಮೊದಲ ಜಾಗ.

ಹುಡುಕುವ ಕ್ರಮ

ಖರ್ಚಿಲ್ಲದ ಕಡೆಯಿಂದ ಖರ್ಚಿನ ಕಡೆಗೆ ಹೋಗುವುದು ಸರಿಯಾದ ಕ್ರಮ. ಮೊದಲು ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಬೇಕು. ಜಾಕ್, ಸ್ಪ್ಯಾನರ್, ಸ್ಟೆಪ್ನಿ, ಪಾರ್ಸೆಲ್ ಟ್ರೇ ಎಲ್ಲವನ್ನೂ ಮನೆಯಲ್ಲಿಟ್ಟು ಅದೇ ರಸ್ತೆಯಲ್ಲಿ ಒಮ್ಮೆ ಓಡಿಸಬೇಕು. ಸದ್ದು ಹೋದರೆ ಒಂದೊಂದನ್ನೇ ಮರಳಿ ಇಡುತ್ತ ಬಂದರೆ ಕಳ್ಳ ಸಿಕ್ಕುತ್ತಾನೆ. ಹೋಗದಿದ್ದರೆ ಹಿಂದಿನ ಸೀಟಿನ ಬೆನ್ನನ್ನು ಮಡಚಿ ಒಮ್ಮೆ, ಲಾಕಿಗೆ ಬಟ್ಟೆ ಸುತ್ತಿ ಒಮ್ಮೆ. ಆಮೇಲೆ ಡಿಕ್ಕಿ ಬಾಗಿಲಿನ ರಬ್ಬರ್ ಗುಬ್ಬಿಗಳು, ನಂಬರ್ ಪ್ಲೇಟು. ಮುಂದೆ ತಣ್ಣಗಿರುವ ಸೈಲೆನ್ಸರನ್ನು ಕೈಯಿಂದ ಅಲುಗಾಡಿಸಿ, ಹಿಡಿದಿರುವ ರಬ್ಬರ್ ಬಳೆಗಳಲ್ಲಿ ಯಾವುದಾದರೂ ಹರಿದಿದೆಯೇ ಎಂದು ನೋಡಬೇಕು. ಒಂದು ಬೆಳಗಿನಲ್ಲಿ ಮುಗಿಯುವ ಈ ಕೆಲಸಕ್ಕೆ ಕಾಸಿನ ಖರ್ಚಿಲ್ಲ. ಸದ್ದು ಕೇಳಲೆಂದು ಯಾರನ್ನೂ ಡಿಕ್ಕಿಯಲ್ಲಿ ಕೂರಿಸಿ ಓಡಿಸಬಾರದು. ಫೋನಿನ ರೆಕಾರ್ಡರನ್ನು ಅಲ್ಲಿಟ್ಟರೆ ಸಾಕು.

ಇಷ್ಟಾದ ಮೇಲೆಯೇ ಗಾಡಿಯ ಕೆಳಗೆ ಇಳಿಯಬೇಕು, ಅದೂ ಜಾಕ್ ಒಂದನ್ನೇ ನಂಬದೆ ಗಟ್ಟಿ ಸ್ಟ್ಯಾಂಡ್ ಕೊಟ್ಟು. ಬುಷ್ಷಿನ ಬಳಿ ಉದ್ದನೆಯ ಲಿವರ್ ತೂರಿಸಿ ಮೀಟಿದರೆ ಹರಿದ ರಬ್ಬರ್ ಬಾಯಿ ಬಿಡುತ್ತದೆ. ಕಾಯಿಲಿನ ಕೆಳಗಿನ ಕೊನೆಯ ಸುತ್ತನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಮುರಿದ ತುದಿ ಮಣ್ಣಿನಡಿ ಕಣ್ಣಿಗೆ ಬೀಳದೆ ಇರುತ್ತದೆ. ಶಾಕಿನ ಮೈಯಲ್ಲಿ ಎಣ್ಣೆ ಸೋರಿದೆಯೇ? ಗಾಡಿಯ ಮೂಲೆಯನ್ನು ಒತ್ತಿ ಬಿಟ್ಟರೆ ಒಂದೆರಡು ಸಲಕ್ಕಿಂತ ಹೆಚ್ಚು ಕುಣಿಯುತ್ತದೆಯೇ? ಸೋತ ಶಾಕ್ ಗಾಡಿಯನ್ನು ಕುಣಿಸುತ್ತದೆ. ಬಡಿಯುವುದು ಹೆಚ್ಚಾಗಿ ಅದನ್ನು ಹಿಡಿದಿರುವ ರಬ್ಬರು, ನಟ್ಟು. ಈ ಎರಡನ್ನು ಬೇರ್ಪಡಿಸದೆ ಇರುವುದರಿಂದಲೇ ಅಷ್ಟೊಂದು ಒಳ್ಳೆಯ ಶಾಕ್‌ಗಳು ಗುಜರಿಗೆ ಹೋಗುತ್ತವೆ.

ಬ್ರೇಕಿನ ಅನುಮಾನವಿದ್ದರೆ, ಯಾರೂ ಇಲ್ಲದ ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಹ್ಯಾಂಡ್‌ಬ್ರೇಕನ್ನು ತುಸುವೇ ಎಳೆದು ಹಂಪ್ ದಾಟಿ ನೋಡಬಹುದು. ಸದ್ದು ನಿಂತರೆ ಡ್ರಮ್ ಬಿಚ್ಚಲು ಕಾರಣ ಸಿಕ್ಕಿತು.

ಬುಷ್ ಬದಲಿಸುವಾಗ ಒಂದು ನಿಯಮವನ್ನು ಬಹಳ ಕಡೆ ಪಾಲಿಸುವುದಿಲ್ಲ. ಉಕ್ಕಿನ ಕೊಳವೆಗೆ ಅಂಟಿಸಿದ ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿರುವಾಗ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕಿಳಿದೊಡನೆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡು ಬೇಗ ಹರಿಯುತ್ತದೆ. ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ ಕೊಡಬೇಕು. ಹೊಸ ಬುಷ್ ಹಾಕಿಸಿಯೂ ಕೆಲವೇ ತಿಂಗಳಲ್ಲಿ ಸದ್ದು ಮರಳಿದರೆ ಭಾಗವನ್ನು ಬಯ್ಯುವ ಮೊದಲು ಅದನ್ನು ಬಿಗಿದ ರೀತಿಯನ್ನು ವಿಚಾರಿಸಬೇಕು.

ಅಲಕ್ಷಿಸಬಾರದ ಸದ್ದುಗಳು

ಹಿಂಬದಿಯ ಬಹುಪಾಲು ಬಡಿತಗಳು ಅಪಾಯಕಾರಿಯಲ್ಲ. ಕೆಲವು ಮಾತ್ರ ಹೌದು. 2022ರ ಅಕ್ಟೋಬರ್‌ನಲ್ಲಿ ಮಾರುತಿ ಸುಜುಕಿ ಕಂಪನಿ ವ್ಯಾಗನ್ಆರ್, ಸೆಲೆರಿಯೊ, ಇಗ್ನಿಸ್ ಮಾದರಿಗಳ 9,925 ಕಾರುಗಳನ್ನು ತಪಾಸಣೆಗೆ ಕರೆಸಿಕೊಂಡಿತು. ಆ ವರ್ಷ ಆಗಸ್ಟ್ 3ರಿಂದ ಸೆಪ್ಟೆಂಬರ್ 1ರ ನಡುವೆ ತಯಾರಾದ ಗಾಡಿಗಳವು. ಹಿಂದಿನ ಬ್ರೇಕಿನ ಜೋಡಣೆಯ ಒಂದು ಪಿನ್ನು ಮುರಿಯಬಹುದು, ಹಾಗಾದಾಗ ವಿಚಿತ್ರ ಸದ್ದು ಬರಬಹುದು, ಕಾಲಕ್ರಮದಲ್ಲಿ ಬ್ರೇಕಿನ ಶಕ್ತಿಗೂ ತೊಂದರೆಯಾಗಬಹುದು ಎಂಬುದು ಕಂಪನಿಯೇ ಕೊಟ್ಟ ಕಾರಣ. ಅಂದರೆ ಅಲ್ಲಿ ಬ್ರೇಕ್ ಸೋಲುವ ಮುನ್ನ ಚಾಲಕನಿಗೆ ಸಿಗಬಹುದಾಗಿದ್ದ ಎಚ್ಚರಿಕೆ ಆ ಸದ್ದೇ. ಅಮೆರಿಕದಲ್ಲಿ ಫೋರ್ಡ್ ಕಂಪನಿ 2010ರಲ್ಲಿ ಲಕ್ಷಾಂತರ ವಿಂಡ್‌ಸ್ಟಾರ್ ವ್ಯಾನುಗಳನ್ನು ಹಿಂದಕ್ಕೆ ಕರೆಸಿತು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಅವುಗಳ ಹಿಂದಿನ ಆಕ್ಸಲ್ ತುಕ್ಕು ತಿಂದು ಮುರಿಯುವ ಅಪಾಯವಿತ್ತು.

ನಮ್ಮಲ್ಲಿ ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸುವ ವ್ಯವಸ್ಥೆಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಬಲ ಕೊಟ್ಟಿತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ತಮ್ಮ ಗಾಡಿಯ ಚಾಸಿ ಸಂಖ್ಯೆ ಹಾಗೆ ಕರೆಸಿದ ಗಾಡಿಗಳ ಪಟ್ಟಿಯಲ್ಲಿದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿಕೊಳ್ಳುವುದು ಪ್ರತಿ ಮಾಲೀಕರ ಮೊದಲ ಕೆಲಸವಾಗಬೇಕು. ಬ್ರೇಕ್ ಒತ್ತಿದಾಗ ಬರುವ ಹೊಸ ಬಡಿತ, ತಿರುವಿನಲ್ಲಿ ಹಿಂಬದಿ ಪಕ್ಕಕ್ಕೆ ಸರಿದಂತಾಗುವುದು, ಚಕ್ರದ ಸುತ್ತಿಗೆ ತಕ್ಕಂತೆ ಬರುವ ಟಕ್ ಟಕ್: ಈ ಮೂರರಲ್ಲಿ ಯಾವುದಿದ್ದರೂ ಗಾಡಿಯನ್ನು ಅಲ್ಲೇ ನಿಲ್ಲಿಸಿ ಮೊದಲು ಚಕ್ರದ ನಟ್ಟುಗಳನ್ನು ನೋಡಬೇಕು. ಅವು ಬಿಗಿಯಾಗಿದ್ದರೂ ಬ್ರೇಕನ್ನು ಬಿಚ್ಚಿ ತೋರಿಸುವವರೆಗೆ ಓಡಿಸಬಾರದು.

ಹುಡುಕುವವರ ಕೂಲಿ

ಹುಡುಕುವ ಸಾಧನಗಳು ಬಹಳ ಮುಂದೆ ಹೋಗಿವೆ. ಅನುಮಾನವಿರುವ ಭಾಗಗಳಿಗೆ ಪುಟ್ಟ ಮೈಕುಗಳನ್ನು ಕ್ಲಿಪ್ಪಿನಿಂದ ಸಿಕ್ಕಿಸಿ, ಓಡುತ್ತಿರುವಾಗಲೇ ಒಂದೊಂದನ್ನೇ ಬದಲಿಸುತ್ತ ಕೇಳುವ ಉಪಕರಣ ದೊರೆಯುತ್ತದೆ. ಯಾವ ಮೈಕಿನಲ್ಲಿ ಪೆಟ್ಟು ಎಲ್ಲಕ್ಕಿಂತ ಚೊಕ್ಕಟವಾಗಿ ಕೇಳುತ್ತದೋ ಅದೇ ಮೂಲ. ಕಿವಿಗೆ ಅಸಾಧ್ಯವಾದ ‘ಎಲ್ಲಿ’ ಎಂಬುದಕ್ಕೆ ಅದು ಉತ್ತರ ಕೊಡುತ್ತದೆ. ಇದೇ ಹೈದರಾಬಾದಿನಲ್ಲಿ ಹ್ಯುಂಡೈ ಕಂಪನಿಯ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರವಿದೆ. ವಾಹನ ರೂಪಿಸುವವರ ಲೋಕದಲ್ಲಿ ಸದ್ದು ಮತ್ತು ಅದುರಿನ ಅಧ್ಯಯನವೇ ಒಂದು ಪ್ರತ್ಯೇಕ ಶಾಖೆ. ಎಂಜಿನ್ನಿನ ಸದ್ದೇ ಇಲ್ಲದ ವಿದ್ಯುತ್ ಕಾರುಗಳು ಹೆಚ್ಚಿದಂತೆ, ಈವರೆಗೆ ಮುಚ್ಚಿಹೋಗುತ್ತಿದ್ದ ಸಣ್ಣ ಬಡಿತಗಳೂ ಕೇಳಿಸತೊಡಗಿ ಈ ವಿದ್ಯೆಯ ಬೇಡಿಕೆ ಏರಲಿದೆ.

ಆದರೆ ಬೀದಿ ಬದಿಯ ಗ್ಯಾರೇಜಿಗೆ ಆ ವಿದ್ಯೆ ಇಳಿದಿಲ್ಲ. ಅದಕ್ಕೆ ಕಾರಣ ಮೆಕ್ಯಾನಿಕ್‌ನ ಅಸಡ್ಡೆಯಲ್ಲ, ನಾವು ಹಣ ಕೊಡುವ ರೀತಿ. ರಾಣಿಗಂಜ್, ಪುತ್ಲಿಬೌಲಿಯ ಬಿಡಿಭಾಗಗಳ ಅಂಗಡಿಯಿಂದ ತಂದ ಶಾಕಿಗೆ ನಾವು ಮರುಮಾತಿಲ್ಲದೆ ಹಣ ಕೊಡುತ್ತೇವೆ, ಅದನ್ನು ಕೂರಿಸಿದ ಕೂಲಿಯನ್ನೂ ಕೊಡುತ್ತೇವೆ. ಎರಡು ಗಂಟೆ ಹುಡುಕಿ, ಸೀಟಿನ ಲಾಕು ಸಡಿಲವಾಗಿತ್ತೆಂದು ಕಂಡುಹಿಡಿದು ಐದು ನಿಮಿಷದಲ್ಲಿ ಬಿಗಿದವನಿಗೆ ‘ಇಷ್ಟಕ್ಕೆ ಏನು ಕೊಡೋದು’ ಎನ್ನುತ್ತೇವೆ. ಹೀಗಿರುವಾಗ ಭಾಗ ಬದಲಿಸುವುದೇ ಲಾಭ, ಹುಡುಕುವುದು ನಷ್ಟ ಎಂದು ಗ್ಯಾರೇಜು ಕಲಿಯುತ್ತದೆ. ಆ ಪಾಠ ಹೇಳಿಕೊಟ್ಟವರು ಗಿರಾಕಿಗಳಾದ ನಾವೇ.

ಬದಲಾಗಬೇಕಾದದ್ದು ಎರಡೂ ಕಡೆ. ಯಾವ ರಸ್ತೆಯಲ್ಲಿ, ಎಷ್ಟು ವೇಗದಲ್ಲಿ, ಎಷ್ಟು ಭಾರದಲ್ಲಿ, ಯಾವ ಕೆಲಸದ ನಂತರ ಸದ್ದು ಬಂತೆಂದು ಮಾಲೀಕರು ಅರ್ಧ ಪುಟ ಬರೆದು ಒಯ್ಯಬೇಕು. ಗ್ಯಾರೇಜಿನವರು ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಓಡಿಸಿ ಕೇಳಿಸಿಕೊಳ್ಳಬೇಕು. ಕಾರಣ ಸಿಗುವ ಮೊದಲು ಭಾಗ ತರಿಸಬಾರದು. ತೆಗೆದ ಭಾಗದ ಸವೆದ ಜಾಗವನ್ನು ತೋರಿಸಿ ‘ಬಡಿಯುತ್ತಿದ್ದದ್ದು ಇದು’ ಎಂದು ಹೇಳಬೇಕು. ಹಾಗೆ ತೋರಿಸಬಲ್ಲವನಿಗೆ ಹುಡುಕಾಟದ ಕೂಲಿ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಸಲ್ಲಬೇಕು, ಬದಲಿಸಿದ್ದು ಒಂದು ವಾಷರ್ ಮಾತ್ರವಾದರೂ. ಆ ಸಾಲಿಗೆ ಹಣ ಕೊಡಲು ನಾವು ಕಲಿತ ದಿನದಿಂದ ಬೇಡದ ಶಾಕ್‌ಗಳ ಮಾರಾಟ ತಾನಾಗಿ ಇಳಿಯುತ್ತದೆ, ಕಿವಿಗೊಟ್ಟು ಹುಡುಕುವ ಮೆಕ್ಯಾನಿಕ್‌ಗೆ ತನ್ನ ಕಸುಬಿನಲ್ಲಿ ಅನ್ನವೂ ಮರ್ಯಾದೆಯೂ ಸಿಗುತ್ತದೆ.